ಐದರೊಳಗೆ ಹೋಗಬೇಕಾದ ರಾಜೀನಾಮೆ

ಎರಡನೇ ಬಕೆಟ್ಟಿನ ಕೊನೆಯ ಟವೆಲನ್ನು ಕೊಡವಿ, ತಂತಿಯ ಮೇಲೆ ಹರವಿ, ಎರಡೂ ತುದಿಗೆ ಕ್ಲಿಪ್ಪು ಸಿಕ್ಕಿಸಿ ಸೆಕ್ರೆಟರಿ ಬಾಲ್ಕನಿಯಿಂದ ಒಳಗೆ ಇಣುಕಿದ. ಕಂಪ್ಯೂಟರಿನ ಪರದೆಯ ಮೇಲೆ ಚುಕ್ಕೆಗಳ ಚಕ್ರ ಇನ್ನೂ ಸುತ್ತುತ್ತಲೇ ಇತ್ತು. ಅವನು ಅದರ ಬಟನ್ ಒತ್ತಿದಾಗ ಬಟ್ಟೆ ಇನ್ನೂ ನೆನೆಹಾಕಿರಲಿಲ್ಲ. ಈಗ ಮೊದಲು ಹಾಕಿದ ಕರ್ಚೀಫು ಗಾಳಿಗೆ ಗರಿಗರಿಯಾಗಿ ಹಾರುತ್ತಿತ್ತು.

"ಬಂತಾ?" ಅಡುಗೆಮನೆಯಿಂದ ಹೆಂಡತಿ ಕೇಳಿದಳು.

"ಬರ್ತಾ ಇದೆ, ಬರ್ತಾ ಇದೆ."

"ಬಟ್ಟೆ ನೆನೆಹಾಕೋ ಮುಂಚೆನೂ ಹಾಗೇ ಅಂದ್ರಿ."

ಸೆಕ್ರೆಟರಿ ಎನ್ನುವುದು ಅವನ ಹೆಸರಲ್ಲ, ಕಸುಬೂ ಅಲ್ಲ. ಕಸುಬು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವುದು. ಒಂಬತ್ತು ವರ್ಷದ ಹಿಂದೆ, ಎಂಟು ಮನೆಗಳ ಈ ಕಟ್ಟಡದ ಸಂಘದ ಸಭೆಗೆ ಅವನು ಹತ್ತು ನಿಮಿಷ ತಡವಾಗಿ ಬಂದ. ಖಾಲಿ ಇದ್ದದ್ದು ಒಂದೇ ಕುರ್ಚಿ. ಕೂತ. ಎಲ್ಲರೂ ಚಪ್ಪಾಳೆ ತಟ್ಟಿದರು. ಅದು ಸೆಕ್ರೆಟರಿಯ ಕುರ್ಚಿ ಎಂದು ತಿಳಿಯುವಷ್ಟರಲ್ಲಿ ನೀರಿನ ಟ್ಯಾಂಕಿನ ಬೀಗದಕೈ, ಸಂಘದ ರಬ್ಬರ್ ಸ್ಟಾಂಪು ಮತ್ತು ಹಿಂದಿನ ಸೆಕ್ರೆಟರಿ ಬಿಟ್ಟುಹೋದ ಈ ಕಂಪ್ಯೂಟರು ಅವನ ಮಡಿಲಿಗೆ ಬಿದ್ದಿದ್ದವು. ಅಂದಿನಿಂದ ಮೆಟ್ಟಿಲ ಮೇಲೆ ಯಾರ ಚಪ್ಪಲಿ ಉಳಿದರೂ, ಯಾರ ನಲ್ಲಿ ತೊಟ್ಟಿಕ್ಕಿದರೂ, ಊಟದ ಹೊತ್ತಿಗೆ ಸರಿಯಾಗಿ ಇವನ ಮನೆಯ ಬೆಲ್ಲು ಬಡಿದುಕೊಳ್ಳುತ್ತಿತ್ತು.

ಬಿಟ್ಟು ಓಡೋಣವೆಂದರೆ ಸಂಘದ ಏಳನೇ ನಿಯಮ ಅಡ್ಡ ನಿಂತಿತ್ತು. ಮೂರು ವರ್ಷಕ್ಕೊಮ್ಮೆ ದೊಡ್ಡ ಸಭೆ. ಆ ಸಭೆಯ ಹಿಂದಿನ ದಿನ ಸಂಜೆ ಐದರೊಳಗೆ, ಸಂಘದ ಇಮೇಲಿನಿಂದಲೇ, ಎಂಟೂ ಮನೆಗೆ ರಾಜೀನಾಮೆ ತಲುಪಬೇಕು. ಇಲ್ಲದಿದ್ದರೆ ಅದೇ ಆಸಾಮಿ ಇನ್ನೂ ಮೂರು ವರ್ಷ. ಹಿಂದೆ ಯಾರೋ ಒಬ್ಬರು ಮೆಟ್ಟಿಲಲ್ಲಿ ನಿಂತು ಬಾಯಿಮಾತಲ್ಲಿ ರಾಜೀನಾಮೆ ಕೊಟ್ಟು, ಆಮೇಲೆ ಕೊಟ್ಟೇ ಇಲ್ಲ ಅಂದಿದ್ದರಂತೆ. ಅದಕ್ಕೆ ಈ ನಿಯಮ.

ಸಂಘದ ಇಮೇಲಿನ ಪಾಸ್‌ವರ್ಡು ಇಟ್ಟವರು ಹಿಂದಿನ ಸೆಕ್ರೆಟರಿ. ಅವರು ಊರು ಬಿಟ್ಟು ಹೋಗಿ, ಅದನ್ನು ಮರೆತೂಬಿಟ್ಟಿದ್ದರು. ಈಗ ಅದು ನೆನಪಿದ್ದದ್ದು ಈ ಲೋಕದಲ್ಲಿ ಈ ಕಂಪ್ಯೂಟರಿಗೊಂದಕ್ಕೇ. ಆದ್ದರಿಂದ ಅದನ್ನು ಎಸೆಯುವಂತಿಲ್ಲ, ರಿಪೇರಿಗೆ ಕೊಡುವಂತಿಲ್ಲ, ಗದರುವುದಕ್ಕೂ ಸೆಕ್ರೆಟರಿಗೆ ಭಯ. ಮರೆಗುಳಿ ಅಜ್ಜನ ಹತ್ತಿರ ಮನೆಪತ್ರ ಇಟ್ಟಿರುವ ಜಾಗ ಕೇಳುವವರ ಹಾಗೆ ನಯವಾಗಿ ನಡೆದುಕೊಳ್ಳುತ್ತಿದ್ದ.

ಆರು ವರ್ಷದ ಹಿಂದೆ ಮೊದಲ ಸಲ ಪತ್ರ ಬರೆದ. ನಾಲ್ಕೂಕಾಲಿಗೆ ಕಂಪ್ಯೂಟರು 'ಹೊಸದಾಗುತ್ತಿದ್ದೇನೆ, ಆರಿಸಬೇಡಿ' ಎಂದು ನೀಲಿ ಮುಖ ಮಾಡಿ ಕೂತದ್ದು ಮಾರನೆ ದಿನ ಸಭೆ ಮುಗಿದ ಮೇಲೆ ಎದ್ದಿತು. ಮೂರು ವರ್ಷದ ಹಿಂದೆ ಐದಕ್ಕೆ ಹತ್ತು ನಿಮಿಷವಿರುವಾಗ 'ಕಳಿಸು' ಒತ್ತಿದ. ಚಕ್ರ ತಿರುಗತೊಡಗಿತು. ನಿಂತಾಗ ಆರೂಕಾಲು, ಪತ್ರ ಹೊರಟೇ ಇರಲಿಲ್ಲ. ಈ ಸಲ ಅವನು ಅಂಗಡಿಗೆ ರಜೆ ಹಾಕಿ ಬೆಳಗಿನ ಒಂಬತ್ತಕ್ಕೇ ಕಂಪ್ಯೂಟರು ಹಚ್ಚಿದ್ದ. ವಿಷಯ ಯಾರಿಗೂ ಹೇಳಿರಲಿಲ್ಲ. ಗೊತ್ತಾದರೆ ಉಳಿದ ಏಳು ಮನೆಯವರೂ ಬಂದು ಕೈ ಹಿಡಿದು, 'ನೀವಿಲ್ಲದೆ ನಮ್ಮ ಗತಿಯೇನು' ಎಂದು ಗೋಳಾಡಿ, ಮನಸ್ಸು ಕರಗಿಸಿಬಿಡುತ್ತಾರೆ ಎಂಬುದು ಅವನ ಹೆದರಿಕೆ. ಕರಗದಿರಲು ಕನ್ನಡಿಯ ಮುಂದೆ ಅಭ್ಯಾಸವನ್ನೂ ಮಾಡಿದ್ದ. 'ಇಲ್ಲ, ಇಲ್ಲ, ದಯವಿಟ್ಟು ಒತ್ತಾಯ ಮಾಡಬೇಡಿ.'

ಹನ್ನೊಂದಕ್ಕೆ ಪತ್ರ ತೆರೆಯಿತು. ಓದಿ ನೋಡಿದ. ಎರಡನೇ ಸಾಲಿನಲ್ಲಿ 'ಆರು ವರ್ಷ' ಎಂದಿದ್ದನ್ನು 'ಒಂಬತ್ತು ವರ್ಷ' ಎಂದು ತಿದ್ದಲು ಹೊರಟರೆ ಪರದೆ ಬಿಳುಚಿಕೊಂಡು ಸ್ತಬ್ಧವಾಯಿತು. ಆಗಲೇ ಬೆಲ್ಲು ಬಡಿಯಿತು.

ಬಂದವನು ಎದುರು ಮನೆಯ ಬಸ್ ಡ್ರೈವರ್. "ಸೆಕ್ರೆಟರಿ ಸಾರ್, ನೀರಿನ ಮೋಟರು ಮತ್ತೆ..."

"ಡ್ರೈವರಣ್ಣ, ಪ್ಲಂಬರಿಗೆ ಬೆಳಗ್ಗೇನೇ ಹೇಳಿದೀನಿ, ಎರಡು ಗಂಟೆಗೆ ಬರ್ತಾನೆ," ಅಡುಗೆಮನೆಯಿಂದಲೇ ಹೆಂಡತಿ ಕೂಗಿದಳು.

"ಸರಿ ಅಕ್ಕ," ಎಂದ ಡ್ರೈವರ್. ಹೋಗಬೇಕಿತ್ತು. ಹೋಗಲಿಲ್ಲ. ಅವನ ಕಣ್ಣು ಪರದೆಯ ಮೇಲೆ ಬಿದ್ದಿತ್ತು. ಸೆಕ್ರೆಟರಿ ಪರದೆಗೆ ಬೆನ್ನು ಕೊಟ್ಟು ತೋಳಗಲಿಸಿ ನಿಂತ.

"ಏನ್ ಸಾರ್, ಕೆಟ್ಟು ನಿಂತಿದೆಯಾ?"

"ಕೆಟ್ಟಿಲ್ಲ. ಯೋಚನೆ ಮಾಡ್ತಾ ಇದೆ. ಸಂಘದ ನೋಟಿಸು ಒಂದು ಕಳಿಸ್ಬೇಕು, ಅಷ್ಟೆ."

"ಸರೀರಿ ಸಾರ್ ಆ ಕಡೆ. ಇದಕ್ಕೆ ಹೊರಗಿಂದ ಏನೂ ತರೋದು ಬೇಡ. ಎಲ್ಲಾ ಇದರ ಹೊಟ್ಟೆ ಒಳಗೇ ಇರುತ್ತೆ, ಸೆಟ್ಟಿಂಗ್ಸಲ್ಲಿ." ಡ್ರೈವರ್ ಕುರ್ಚಿ ಎಳೆದುಕೊಂಡು ಕೂತೇಬಿಟ್ಟ. ಪುಣ್ಯಕ್ಕೆ ಪತ್ರದ ಕಿಟಕಿ ಬಿಳುಚಿಕೊಂಡಿದ್ದರಿಂದ ಅಕ್ಷರ ಕಾಣುತ್ತಿರಲಿಲ್ಲ. ಅವನು ಅದನ್ನು ಕೆಳಗೆ ತಳ್ಳಿ, ಅಲ್ಲಿ ಒತ್ತಿ, ಇಲ್ಲಿ ಒತ್ತಿ, ಹಣೆ ಚಚ್ಚಿಕೊಂಡ. "ಅಯ್ಯಯ್ಯೋ! ಪವರ್ ಅನ್ನೋ ಜಾಗದಲ್ಲಿ 'ಉಳಿತಾಯ' ಅಂತ ಇಟ್ಟಿದೀರಲ್ಲ! ಒಂಬತ್ತು ವರ್ಷ ಫಸ್ಟ್ ಗೇರಲ್ಲೇ ಓಡಿಸಿದೀರಾ?"

ಸೆಕ್ರೆಟರಿಗೆ ಏನೋ ತಪ್ಪು ಮಾಡಿ ಸಿಕ್ಕಿಬಿದ್ದಂತೆ ನಾಚಿಕೆಯಾಯಿತು. ಡ್ರೈವರ್ 'ಹೆಚ್ಚಿನ ಸಾಮರ್ಥ್ಯ' ಎನ್ನುವುದನ್ನು ಆರಿಸಿದ. ಕೆಳಗಿನ ಪೆಟ್ಟಿಗೆಯೊಳಗೆ ಫ್ಯಾನು ಹುಚ್ಚು ಹಿಡಿದಂತೆ ತಿರುಗಿತು. ಮೇಜು ನಡುಗಿತು, ಮೇಜಿನ ಮೇಲಿನ ಪೆನ್ನು ಉರುಳಿತು. ವೇಗ ಮಾತ್ರ ಇದ್ದ ಹಾಗೇ ಇತ್ತು. ಸದ್ದೊಂದು ಹೆಚ್ಚಾಯಿತು.

ಆ ಸದ್ದಿಗೆ ಮೇಲಿನ ಮನೆಯ ಟೀಚರಮ್ಮ ಇಳಿದುಬಂದರು. ಮೂವತ್ತೈದು ವರ್ಷ ಲೆಕ್ಕ ಕಲಿಸಿ ನಿವೃತ್ತರಾದವರು. ಅವರು ಬಾಗಿಲಲ್ಲಿ ನಿಂತರೆ ನಿರಪರಾಧಿಗಳೂ ಉಗುರು ಬಚ್ಚಿಟ್ಟುಕೊಳ್ಳುತ್ತಿದ್ದರು.

"ಏನಿದು ಸೆಕ್ರೆಟರಿಗಳೇ? ಮನೇಲಿ ಹಿಟ್ಟಿನ ಗಿರಣಿ ಇಟ್ರಾ? ನಾನು ಕಣ್ಣು ಮುಚ್ಚಿ ಐದು ನಿಮಿಷ ಆಗಿರಲಿಲ್ಲ."

"ಕಂಪ್ಯೂಟರಿಗೆ ವೇಗ ಕೊಡ್ತಿದೀವಿ ಟೀಚರಮ್ಮ," ಎಂದ ಡ್ರೈವರ್.

"ವೇಗ ಕೊಡೋ ಮುಂಚೆ ಒಳಗೆ ಯಾರ್ಯಾರಿದಾರೆ ನೋಡಿದ್ಯಾ? ಏಳು, ಏಳು." ಅವರು ಕನ್ನಡಕ ಏರಿಸಿ ಕೂತರು. ಕಂಪ್ಯೂಟರು ಎದ್ದ ಕೂಡಲೇ ತಾವೂ ಎದ್ದು ಕೂರುವ ಪ್ರೋಗ್ರಾಮುಗಳ ಪಟ್ಟಿಯೊಂದನ್ನು ತೆಗೆದರು. ಎಣಿಸಿದರು. ಇಪ್ಪತ್ಮೂರು. "ಬಾಗಿಲು ತೆಗೆದ ಕೂಡ್ಲೇ ಇಪ್ಪತ್ಮೂರು ಜನ ಒಟ್ಟಿಗೆ ನುಗ್ತಾರೆ. ಯಾವ ಟೀಚರು ಪಾಠ ಮಾಡೋಕಾಗುತ್ತೆ? ಈಗ ಹಾಜರಿ ತಗೋತೀನಿ."

ಹಾಜರಿ ಶುರುವಾಯಿತು.

"ನೀನ್ಯಾರು? ಫೋಟೋ ತಿದ್ದೋನು. ಬೆಳಗ್ಗೆ ಬೆಳಗ್ಗೆ ನಿನಗೇನು ಕೆಲಸ? ಹೊರಗೆ. ನೀನು? ಹಾಡು ಹಾಕೋನು. ಹೊರಗೆ. ನೀನು ಪ್ರಿಂಟರಿನವನು. ಪ್ರಿಂಟರ್ ಎಲ್ಲಿದೆ ಸೆಕ್ರೆಟರಿಗಳೇ?"

"ಅದು ಹೋಗಿ ಐದು ವರ್ಷ ಆಯ್ತು ಟೀಚರಮ್ಮ."

"ಪಾಪ, ಯಜಮಾನ ಹೋದ ಮೇಲೂ ಆಳು ದಿನಾ ಬಂದು ಬಾಗಿಲಲ್ಲಿ ನಿಲ್ತಾ ಇದಾನೆ. ಹೊರಗೆ."

ಆ ಭರದಲ್ಲಿ ಟೀಚರಮ್ಮ ಇಪ್ಪತ್ಮೂರರಲ್ಲಿ ಇಪ್ಪತ್ಮೂರನ್ನೂ ಹೊರಗೆ ಹಾಕಿ, ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದರು. ಈ ಸಲ ಬಟ್ಟೆ ಒಗೆಯುವಷ್ಟು ಹೊತ್ತು ಹಿಡಿಯಲಿಲ್ಲ, ಒಗೆದದ್ದನ್ನು ಮಡಿಸುವಷ್ಟು ಹಿಡಿಯಿತು. ಸೆಕ್ರೆಟರಿಯ ಮುಖ ಅರಳಿತು. ಮೌಸು ಹಿಡಿದ. ಪರದೆಯ ಮೇಲಿನ ಬಾಣ ಅಲುಗಲಿಲ್ಲ. ಎಡಕ್ಕೆ ಎಳೆದ, ಬಲಕ್ಕೆ ಎಳೆದ, ಮೌಸನ್ನು ಎತ್ತಿ ತೊಡೆಗೆ ಉಜ್ಜಿದ. ಬಾಣ ಮೊಳೆ ಹೊಡೆದಂತೆ ನಿಂತಿತ್ತು.

"ನಾನೇನೂ ಮಾಡಿಲ್ಲಪ್ಪ," ಎಂದರು ಟೀಚರಮ್ಮ. ಮೂವತ್ತೈದು ವರ್ಷ ಮಕ್ಕಳ ಬಾಯಲ್ಲಿ ಕೇಳಿದ ಮಾತು ಅವರಿಗೇ ಬಂದಿತ್ತು.

ಕಾಲು ಗಂಟೆ ಮೂವರೂ ಮೂರು ಉಪಾಯ ಹೇಳಿದರು. ಸೆಕ್ರೆಟರಿ ಗಡಿಯಾರಕ್ಕೂ ಮೇಜಿಗೂ ನಡುವೆ ಓಡಾಡತೊಡಗಿದ. ಒಂದೂವರೆ. ಅಷ್ಟರಲ್ಲಿ ಹೆಂಡತಿ ನೀರಿನ ಲೋಟಗಳ ತಟ್ಟೆ ಹಿಡಿದು ಬಂದವಳು ಪರದೆಯನ್ನು ಒಮ್ಮೆ ನೋಡಿದಳು.

"ಆ ಪಟ್ಟೀಲಿ ಮೌಸಿಂದು ಅಂತ ಒಬ್ಬ ಇದ್ನಲ್ಲ ಟೀಚರಮ್ಮ, ಅವನನ್ನೂ ಓಡ್ಸಿದ್ರಾ? ಕೀಬೋರ್ಡಿಂದಲೇ ಕೆಳಗೆ ಇಳೀತಾ ಹೋಗಿ ವಾಪಸ್ ಕರೀರಿ." ತಟ್ಟೆ ಇಟ್ಟು, ಫೋನಿನಲ್ಲಿ ಪ್ಲಂಬರಿಗೆ ಗೇಟಿನ ದಾರಿ ಹೇಳುತ್ತ ಒಳಗೆ ಹೋದಳು. ವಾಪಸ್ ಕರೆದರು. ಬಾಣ ಓಡಾಡಿತು. ಯಾರೂ ಏನೂ ಆಗದವರ ಹಾಗೆ ನೀರು ಕುಡಿದರು.

ಎರಡಕ್ಕೆ ಪ್ಲಂಬರ್ ಬಂದ. ಮೋಟರು ತೋರಿಸಲು ಇಳಿದ ಡ್ರೈವರ್ ಕೆಳಗಿನ ಮನೆಯಲ್ಲೇ ಅಂಗಡಿ ಇಟ್ಟಿರುವ ಟೈಲರಿಗೆ ಸುದ್ದಿ ಮುಟ್ಟಿಸಿದ್ದಿರಬೇಕು. ಕುತ್ತಿಗೆಗೆ ಅಳತೆ ಟೇಪು ನೇತುಹಾಕಿಕೊಂಡೇ ಟೈಲರ್ ಹತ್ತಿ ಬಂದ.

"ಅಣ್ಣ, ಕಂಪ್ಯೂಟರು ಬಿಗಿ ಆಗಿದೆಯಂತೆ?"

"ಬಿಗಿ ಅಲ್ಲ, ನಿಧಾನ. ನೀನು ಹೋಗಪ್ಪ, ಟೀಚರಮ್ಮ ಸರಿ ಮಾಡ್ತಿದಾರೆ."

"ಅತ್ತಿಗೆ ನಿನ್ನೆ ನನ್ನ ಅಂಗಡಿ ಬಲ್ಬು ಹಾಕಿಸಿಕೊಟ್ರು. ನಾನು ಇಷ್ಟೂ ಮಾಡದಿದ್ರೆ ಹೇಗೆ?" ಟೈಲರ್ ಪರದೆಯನ್ನು ಗಿರಾಕಿಯನ್ನು ನೋಡುವಂತೆ ಮೇಲಿಂದ ಕೆಳಗೆ ನೋಡಿದ. ಕಿಟಕಿಯೊಂದನ್ನು ತೆರೆದು ಮುಚ್ಚಿದ. ಅದು ಮೆಲ್ಲಗೆ ಅರಳಿ ಮೆಲ್ಲಗೆ ಮುದುಡಿತು. "ಇದೇ ನೋಡಿ! ನೆರಳು, ಹೊಳಪು, ಜಾರೋದು, ಅರಳೋದು! ದುಡಿಯೋ ಬಟ್ಟೆಗೆ ಇಷ್ಟೊಂದು ಝಾಲರಿ ಯಾಕೆ ಅಣ್ಣ? ಎಲ್ಲಾ ಒಂದೇ ಜಾಗದಲ್ಲಿ ಬಿಚ್ಚಬಹುದು."

ಒಂದೊಂದೇ ಗುರುತು ತೆಗೆಯುತ್ತ ಹೋದ. ನೆರಳು ಹೋಯಿತು. ಹೊಳಪು ಹೋಯಿತು. ಕೊನೆಯ ಗುರುತು ತೆಗೆದಾಗ ಪರದೆಯ ಅಕ್ಷರಗಳ ಅಂಚೆಲ್ಲ ಇಲಿ ಕಚ್ಚಿದಂತಾಯಿತು. ಸೆಕ್ರೆಟರಿ ಪರದೆಗೆ ಮೂಗು ತಾಗುವಷ್ಟು ಬಗ್ಗಿದ.

"ಇಪ್ಪತ್ತು ವರ್ಷ ಊರವರಿಗೆಲ್ಲ ಅಕ್ಷರ ಚೆನ್ನಾಗಿ ಕಾಣಲಿ ಅಂತ ಗಾಜು ಉಜ್ಜಿದೀನಿ ಕಣೋ. ನನ್ನ ಮನೇಲೇ ಹೀಗಾ?"

"ಬೇಗ ಬೇಕಾ ಅಣ್ಣ, ಚಂದ ಬೇಕಾ?"

ಗಡಿಯಾರ ಮೂರೂಕಾಲು ತೋರಿಸುತ್ತಿತ್ತು. "ಬೇಗ," ಎಂದ ಸೆಕ್ರೆಟರಿ.

ಆಗ ಮೋಟರು ಸರಿಮಾಡಿಸಿದ ಹುರುಪಿನಲ್ಲಿ ಡ್ರೈವರ್ ಮತ್ತೆ ಬಂದ. ತಾನು ಶುರುಮಾಡಿದ ಕೆಲಸ ಬೇರೆಯವರ ಕೈಯಲ್ಲಿ ನಡೆಯುತ್ತಿರುವುದು ಅವನಿಗೆ ಹಿಡಿಸಲಿಲ್ಲ. "ಎಲ್ಲಾ ಸರಿ, ಹೊರೆ ಇಳಿಸಿದ್ರಾ? ಗಾಡಿ ಹಿಂದಿನ ಸೀಟಿನ ತನಕ ತುಂಬಿದೆ ನೋಡಿ, ಒಂದು ಮುಷ್ಟಿ ಜಾಗ ಇಲ್ಲ." ಟೈಲರನ್ನು ಎಬ್ಬಿಸಿ ಗಾಲಿಯ ಕುರ್ಚಿಯಲ್ಲಿ ತಾನು ಕೂತ. ಕಂಪ್ಯೂಟರಿನ ಕಸದ ಬುಟ್ಟಿಯಲ್ಲಿ ಒಂಬತ್ತು ವರ್ಷದ ನೋಟಿಸುಗಳಿದ್ದವು. ಮೆಟ್ಟಿಲ ಮೇಲೆ ಸೈಕಲ್ ಇಡಬಾರದು, ಮೆಟ್ಟಿಲ ಮೇಲೆ ಸೈಕಲ್ ಇಡಲೇಬಾರದು, ಸೈಕಲ್ ಇಟ್ಟವರು ದಯವಿಟ್ಟು ತೆಗೆಯಿರಿ. ಎಲ್ಲವೂ ಹೋದವು. ಬೇಡದ ಫೈಲುಗಳು ಹೋದವು. "ಇಂಟರ್ನೆಟ್ ನೋಡೋ ಕಿಟಕೀನೂ ತೊಳೆದುಬಿಡೋಣ," ಎನ್ನುತ್ತ ಇನ್ನೊಂದು ಪಟ್ಟಿ ತೆಗೆದು ಇದ್ದಬದ್ದದ್ದಕ್ಕೆಲ್ಲ ಗುರುತು ಹಾಕಿದ.

ಸೆಕ್ರೆಟರಿ ಅವನ ಹೆಗಲ ಮೇಲಿಂದ ಬಗ್ಗಿ ಓದಿದ. ಕಚ್ಚಿದ ಅಕ್ಷರಗಳ ನಡುವೆ ಕಡೆಯ ಸಾಲು: 'ನೆನಪಿಟ್ಟ ಪಾಸ್‌ವರ್ಡುಗಳು.' ಅದರ ಎದುರೂ ಗುರುತಿತ್ತು. ಡ್ರೈವರನ ಬೆರಳು 'ಸರಿ' ಒತ್ತಲು ಇಳಿಯುತ್ತಿತ್ತು.

"ಬೇಡಾ!" ಎಂದು ಚೀರಿದ ಸೆಕ್ರೆಟರಿ ಕುರ್ಚಿಯನ್ನು ಹಿಡಿದು ಶಕ್ತಿಯಿದ್ದಷ್ಟೂ ಎಳೆದ. ಗಾಲಿಯ ಕುರ್ಚಿ ಡ್ರೈವರ್ ಸಮೇತ ಹಿಂದಕ್ಕೆ ಹೊರಟಿತು. ಅಡ್ಡ ನಿಂತಿದ್ದ ಟೈಲರ್ ಗೋಡೆಗೆ ಅಂಟಿಕೊಂಡ, ಟೀಚರಮ್ಮ ಸೀರೆ ಎತ್ತಿ ಹಾರಿದರು. ಕುರ್ಚಿ ಹೊಸ್ತಿಲು ದಾಟಿ ಬಾಲ್ಕನಿಗೆ ಹೋಗಿ ಬಟ್ಟೆಯ ತಂತಿಗೆ ಬಡಿದು ನಿಂತಿತು. ಟವೆಲೊಂದು ಡ್ರೈವರನ ತಲೆಯ ಮೇಲೆ ಮದುಮಗಳ ಮುಸುಕಿನಂತೆ ಇಳಿಯಿತು.

"ಬ್ರೇಕ್ ಎಲ್ಲಿ ಸಾರ್ ಇದಕ್ಕೆ?" ಮುಸುಕಿನೊಳಗಿಂದ ಕೇಳಿತು.

ಗಲಾಟೆಗೆ ಹೆಂಡತಿ ಓಡಿಬಂದಳು. ಬಾಲ್ಕನಿ ನೋಡಿದಳು, ಗಂಡನನ್ನು ನೋಡಿದಳು, ಪರದೆ ನೋಡಿದಳು. ಕಡೆಯ ಸಾಲಿನ ಗುರುತೊಂದನ್ನು ತೆಗೆದು 'ಸರಿ' ಒತ್ತಿದಳು. "ಇಷ್ಟಕ್ಕೆ ಅವರನ್ನ ಬೀದಿಗೆ ಬೀಳಿಸ್ತಿದ್ರಲ್ಲ ರೀ," ಎಂದು ಟವೆಲನ್ನು ಮತ್ತೆ ತಂತಿಗೆ ಹಾಕಿ ಹೋದಳು.

ತೊಳೆದು ಮುಗಿಯುವಾಗ ನಾಲ್ಕೂಮುಕ್ಕಾಲಾಗಲು ಎರಡು ನಿಮಿಷವಿತ್ತು. "ಕೊನೇ ಸಲ ಆರಿಸಿ ಹಚ್ಚೋಣ," ಎಂದರು ಟೀಚರಮ್ಮ. ಸೆಕ್ರೆಟರಿಗೆ ಬೇಡವೆನ್ನಲೂ ಧೈರ್ಯವಿಲ್ಲ, ಹೂಂ ಎನ್ನಲೂ ಇಲ್ಲ. ಅವನ ಕಾಲಿನ ಹೆಬ್ಬೆರಳು ನೆಲ ಕೆರೆಯುತ್ತಿತ್ತು. ಟೀಚರಮ್ಮ ಬಟನ್ ಒತ್ತಿ ಗಟ್ಟಿಯಾಗಿ ಎಣಿಸತೊಡಗಿದರು. "ಒಂದು, ಎರಡು, ಮೂರು..." ಚಕ್ರ ಕಾಣಿಸಿತು. "ಹತ್ತೊಂಬತ್ತು, ಇಪ್ಪತ್ತು..." ಚಕ್ರ ಮಾಯವಾಯಿತು. ಇಪ್ಪತ್ತೆರಡಕ್ಕೆ ಕಂಪ್ಯೂಟರು ಸ್ನಾನ ಮುಗಿಸಿ ತಲೆ ಬಾಚಿ ಹೊರಟವರ ಹಾಗೆ ಸಿದ್ಧವಾಗಿ ನಿಂತಿತ್ತು.

ನಾಲ್ವರೂ ಒಟ್ಟಿಗೆ ಹೋ ಎಂದರು. ಡ್ರೈವರ್ ಟೈಲರನ ಬೆನ್ನಿಗೆ ಗುದ್ದಿದ. ಅವರ ಸಂತೋಷಕ್ಕೆ ತಾನೂ ಸ್ವಲ್ಪ ಸೇರಿಸೋಣವೆಂದೋ ಏನೋ, ಕಂಪ್ಯೂಟರು ಬೆಳಗ್ಗೆ ಮುಚ್ಚದೆ ಬಿಟ್ಟಿದ್ದ ಕಾಗದವನ್ನು ತಾನೇ ಹುಡುಕಿ ತಂದು ಪರದೆಯ ತುಂಬ ಹರಡಿತು. ಸೆಕ್ರೆಟರಿ ಅಡ್ಡ ಹೋಗುವಷ್ಟರಲ್ಲಿ ಟೀಚರಮ್ಮನ ಕನ್ನಡಕ ಅಲ್ಲಿಗೆ ತಲುಪಿತ್ತು.

"ಮಾನ್ಯರೇ," ಎಂದು ಅವರು ಪಾಠ ಓದುವ ದನಿಯಲ್ಲಿ ಓದಿದರು. "ಕಳೆದ ಆರು ವರ್ಷಗಳಿಂದ ಹೊತ್ತಿರುವ ಸೆಕ್ರೆಟರಿ ಸ್ಥಾನಕ್ಕೆ ಭಾರವಾದ ಹೃದಯದಿಂದ ರಾಜೀನಾಮೆ..."

ಸೆಕ್ರೆಟರಿ ತಲೆ ತಗ್ಗಿಸಿದ. ಆಯಿತು, ಇನ್ನು ಶುರು. ಈಗ ಡ್ರೈವರ್ ಕೈ ಹಿಡಿಯುತ್ತಾನೆ, ಟೈಲರ್ ಕಣ್ಣೀರು ಹಾಕುತ್ತಾನೆ. "ಇಲ್ಲ, ಇಲ್ಲ," ಎಂದ ಮೆಲ್ಲಗೆ, "ದಯವಿಟ್ಟು ಒತ್ತಾಯ..."

"ಆರಲ್ಲ, ಒಂಬತ್ತು," ಎಂದರು ಟೀಚರಮ್ಮ. "ತಿದ್ದಿ. ಐದಕ್ಕೆ ಇನ್ನು ಹನ್ನೆರಡು ನಿಮಿಷ ಇದೆ."

"ಬೇಗ ಸಾರ್, ಬೇಗ," ಎಂದ ಡ್ರೈವರ್. "ತಪ್ಪಿದ್ರೆ ಇನ್ನು ಮೂರು ವರ್ಷ ಕಾಯ್ಬೇಕು."

ಸೆಕ್ರೆಟರಿ ತಾನು ಕೇಳಿದ್ದು ಸರಿಯೇ ಎಂದು ಇಬ್ಬರನ್ನೂ ಒಮ್ಮೆ ನೋಡಿದ. ಕುರ್ಚಿಯಲ್ಲಿ ಕೂತು ಆರನ್ನು ಅಳಿಸಿ ಒಂಬತ್ತು ಮಾಡಿದ. ಅಕ್ಷರಗಳು ಬೆರಳಿಗಿಂತ ಮುಂದೆ ಓಡಿದವು. ಕಾಗದವನ್ನು ಇಮೇಲಿಗೆ ಹಾಕಿದ. ಎಂಟೂ ಮನೆಯ ವಿಳಾಸ ಕಣ್ಣು ಮಿಟುಕಿಸುವಷ್ಟರಲ್ಲಿ ಸಾಲಾಗಿ ಕೂತವು. ಅಲ್ಲಿಗೆ ಅವನ ಕೈ ನಿಂತಿತು. ತಿರುಗಿ, ಕೊನೆಯ ಆಸೆಯಿಂದ ಕೇಳಿದ.

"ನಾನು ಹೋದ್ಮೇಲೆ ಯಾರು ಅಂತ ಯೋಚ್ನೆ ಮಾಡಿದೀರಾ? ಯಾರಿದಾರೆ ಇಲ್ಲಿ?"

ಮೂವರೂ ಒಬ್ಬರ ಮುಖ ಒಬ್ಬರು ನೋಡಲೂ ಇಲ್ಲ. ಮೂರು ತಲೆಗಳೂ ಒಟ್ಟಿಗೆ ಅಡುಗೆಮನೆಯ ಕಡೆ ತಿರುಗಿದವು.

"ಯಾರು ಅಂದ್ರೆ? ಅತ್ತಿಗೆ," ಎಂದ ಟೈಲರ್. "ಈಗಲೂ ಅವರೇ ತಾನೇ ಮಾಡ್ತಿರೋದು?"

"ಮೋಟರು ಯಾರು ಸರಿ ಮಾಡಿಸಿದ್ದು ಸಾರ್ ಇವತ್ತು?" ಎಂದ ಡ್ರೈವರ್. "ನಾನು ಬೆಲ್ ಹೊಡೆಯೋದು ನಿಮ್ಮ ಮನೆಯದು. ಕೂಗೋದು ಅಕ್ಕನ್ನ."

"ನೀವು ಬಿಡಿ ಅಂತ ಬಾಯಿ ಬಿಟ್ಟು ಹೇಳೋದು ಹೇಗೆ ಅಂತ ಸುಮ್ನಿದ್ವಿ," ಎಂದರು ಟೀಚರಮ್ಮ, ಅವರಿಗೆ ಸಾಧ್ಯವಿದ್ದಷ್ಟು ಮೃದುವಾಗಿ. "ನಿಮಗೆ ಬೇಜಾರಾಗಬಾರದಲ್ಲ. ಏನಮ್ಮಾ, ಒಪ್ಪಿಗೆ ತಾನೇ?"

ಹೆಂಡತಿ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ಅವಳಿಗೆ ಆಶ್ಚರ್ಯವಾದ ಹಾಗೆ ಕಾಣಲಿಲ್ಲ.

"ಮಾಡೋ ಕೆಲಸ ಹೇಗೂ ಮಾಡ್ತಿದೀನಿ. ಸ್ಟಾಂಪೂ ನನ್ನ ಹತ್ರಾನೇ ಇರಲಿ," ಎಂದಳು. "ಆದರೆ ಊಟದ ಹೊತ್ತಲ್ಲಿ ಬೆಲ್ ಹೊಡೆಯೋ ಹಾಗಿಲ್ಲ. ದೂರು ಏನಿದ್ರೂ ಸಂಜೆ ಆರರಿಂದ ಏಳು, ಬರವಣಿಗೇಲಿ. ಅದನ್ನೆಲ್ಲ ಟೈಪ್ ಮಾಡಿ, ನೋಟಿಸು ಬರೆದು, ಮೆಟ್ಟಿಲು ಹತ್ತಿ ಇಳಿದು ಅಂಟಿಸೋಕೆ ನನಗೊಬ್ಬ ಸಹಾಯಕ ಬೇಕು."

ಮೂರು ತಲೆಗಳೂ ಮತ್ತೆ ತಿರುಗಿದವು. ಈ ಸಲ ಕುರ್ಚಿಯ ಕಡೆ.

"ಕಂಪ್ಯೂಟರೂ ಈಗ ಹಾರ್ತಾ ಇದೆ," ಎಂದ ಡ್ರೈವರ್ ಉತ್ಸಾಹದಿಂದ. "ದಿನಕ್ಕೆ ಹತ್ತು ನೋಟಿಸು ಬರೀಬಹುದು ಸಾರ್!"

ಇಷ್ಟು ದಿನ ಸೆಕ್ರೆಟರಿಯ ಮೇಲೆ ಯಾರೂ ಇರಲಿಲ್ಲ. ದೂರು ಬಂದರೆ 'ನೋಡೋಣ' ಎನ್ನುತ್ತಿದ್ದ, ಹೆಚ್ಚು ಕೇಳಿದರೆ 'ಕಂಪ್ಯೂಟರು ನಿಧಾನ' ಎನ್ನುತ್ತಿದ್ದ. ಈ ಹೊಸ ಸೆಕ್ರೆಟರಿಗೆ 'ನೋಡೋಣ' ಎಂದು ಹೇಳಿ ಅದೇ ಮನೆಯಲ್ಲಿ ಊಟಕ್ಕೆ ಕೂರಲು ಸಾಧ್ಯವೇ? ಅವನು ಮೌಸಿನ ಮೇಲಿಂದ ಕೈ ತೆಗೆದ.

"ಒಂದ್ನಿಮಿಷ. ಆತುರ ಬೇಡ. ನಾನು ಇನ್ನೊಂದು ಸಲ ಯೋಚ್ನೆ... ಈ ಮೂರನೇ ಸಾಲಲ್ಲಿ ಏನೋ ಸರಿ ಇಲ್ಲ. ಭಾರವಾದ ಹೃದಯ ಅಂತ ಇದೆಯಲ್ಲ, ಅದು..."

"ಅಷ್ಟೇನೂ ಭಾರ ಇಲ್ಲ ಬಿಡಿ ರೀ," ಎಂದಳು ಹೆಂಡತಿ. ಅವನ ಹೆಗಲ ಮೇಲಿಂದ ಬಗ್ಗಿ, ಇನ್ನೂ ಸೋಪಿನ ಘಮ ಆರದ ಬೆರಳಿನಿಂದ 'ಕಳಿಸು' ಒತ್ತಿದಳು.

ಸೆಕ್ರೆಟರಿ ಚಕ್ರಕ್ಕಾಗಿ ಕಾದ. ಅರ್ಧ ಸುತ್ತು ಸುತ್ತಿದ್ದರೂ ಸಾಕಿತ್ತು, ಕಂಪ್ಯೂಟರಿನ ತಂತಿ ಕಿತ್ತೆಸೆಯುತ್ತಿದ್ದ. ಚಕ್ರ ಬರಲೇ ಇಲ್ಲ. ಟೀಚರಮ್ಮನ ಫೋನು, ಡ್ರೈವರನ ಫೋನು, ಟೈಲರನ ಫೋನು ಒಟ್ಟಿಗೆ ಟಿಣ್ ಎಂದವು. ಗಡಿಯಾರದಲ್ಲಿ ಐದಕ್ಕೆ ಇನ್ನೂ ನಾಲ್ಕು ನಿಮಿಷ ಬಾಕಿಯಿತ್ತು. ಆರು ವರ್ಷ ಹೊರಡದೆ ಕೂತಿದ್ದ ಪತ್ರ ಹೋಗಿಯಾಗಿತ್ತು.